ಆಸ್ಕರ್ ಗೆದ್ದ ‘ಕೋಡಾ’ ವಿಮರ್ಶಕರನ್ನು ಪೂರ್ತಿ ಗೆಲ್ಲಲಿಲ್ಲವೇಕೆ?

ಪ್ರಶ್ನೆ: ‘ಕೋಡಾ’ ನೋಡಿ ಮನೆಮಂದಿಯೆಲ್ಲ ಕಣ್ಣೊರೆಸಿಕೊಂಡೆವು. ಶ್ರೇಷ್ಠ ಚಿತ್ರದ ಆಸ್ಕರ್ ಕೂಡ ಅದಕ್ಕೇ ಬಂತು. ಆದರೂ ಹಲವು ವಿಮರ್ಶಕರು ಅದನ್ನು ಸಾಧಾರಣ ಚಿತ್ರವೆಂದದ್ದು ಏಕೆ?

ಉತ್ತರ: ಈ ಚಿತ್ರವನ್ನು ಸಾರಾಸಗಟಾಗಿ ತಳ್ಳಿಹಾಕಿದವರು ಕಡಿಮೆ, ‘ಚೆನ್ನಾಗಿದೆ, ಆದರೆ...’ ಎಂದು ರಾಗ ಎಳೆದವರು ಅನೇಕರು. ಮೆಚ್ಚಿದವರ ಪ್ರಮಾಣವನ್ನಷ್ಟೇ ಲೆಕ್ಕಹಾಕುವ ಜಾಲತಾಣ ರಾಟನ್ ಟೊಮ್ಯಾಟೋಸ್‌ನಲ್ಲಿ ಅದು ಶೇ 90ನ್ನು ದಾಟಿತು. ಎಷ್ಟು ಮೆಚ್ಚಿದರು ಎಂಬುದಕ್ಕೆ ಅಂಕ ಕೊಟ್ಟು ಸರಾಸರಿ ತೆಗೆಯುವ ಮೆಟಾಕ್ರಿಟಿಕ್‌ನಲ್ಲಿ 80ನ್ನೂ ಮುಟ್ಟಲಿಲ್ಲ.

ಮುಖ್ಯ ದೂರು ಕಥೆಯ ಸಿದ್ಧಸೂತ್ರದ ಬಗ್ಗೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಮೀನುಗಾರರ ಊರು ಗ್ಲಾಸ್ಟರ್‌ನಲ್ಲಿ, ಕಿವುಡರಾದ ತಂದೆ, ತಾಯಿ, ಅಣ್ಣನ ನಡುವೆ ಕಿವಿ ಕೇಳಿಸುವವಳು ರೂಬಿ ಒಬ್ಬಳೇ, ಅವಳಿಗೋ ಹಾಡುವ ಆಸೆ ಎಂದೊಡನೆ, ಮುಂದೆ ಗದರುವ ಮೇಷ್ಟರು, ದೋಣಿಯ ಸಂಕಷ್ಟ, ಕೊನೆಗೆ ಸಂಗೀತ ಕಾಲೇಜಿನ ಪ್ರವೇಶ ಪರೀಕ್ಷೆ ಬರುವುದನ್ನು ಯಾರೂ ಊಹಿಸಬಲ್ಲರು. ಆದರೆ ಪರಿಚಿತ ದಾರಿಯಲ್ಲಿ ನಡೆಯುವುದು ಅಪರಾಧವೇನಲ್ಲ. ಶಾಲೆಯ ಸಂಗೀತ ಕಛೇರಿಯಲ್ಲಿ ಮಗಳು ಹಾಡುತ್ತಿರುವಾಗ ನಿರ್ದೇಶಕಿ ಶಾನ್ ಹೇಡರ್ ಧ್ವನಿಯನ್ನು ಪೂರ್ತಿ ಅಳಿಸಿ, ಹಾಡು ಹೇಗಿದೆಯೆಂದು ತಿಳಿಯಲು ಸುತ್ತಲಿನವರ ಮುಖಗಳನ್ನು ಹುಡುಕುವ ತಂದೆಯ ಜಾಗದಲ್ಲಿ ನಮ್ಮನ್ನು ಕೂರಿಸುತ್ತಾರೆ. ಅಂದಿನ ರಾತ್ರಿ ಆತ ಅವಳ ಕೊರಳಿಗೆ ಕೈಯಿಟ್ಟು ಹಾಡನ್ನು ಅರಿಯುವುದು ಈ ದೃಶ್ಯದ ಬಲದಿಂದಲೇ ನಂಬುವಂತಾಗುತ್ತದೆ. ಸಂಗೀತ ಮೇಷ್ಟರ ಪ್ರಸಂಗಗಳಿಗೆ ಈ ಯೋಗ್ಯತೆಯಿಲ್ಲ.

ನಿರೀಕ್ಷೆಯ ಭಾರವೂ ಇತ್ತೆನ್ನಿ. 2021ರ ಜನವರಿಯಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ನಾಲ್ಕು ಪ್ರಶಸ್ತಿ ಗಳಿಸಿ, ಆ ಉತ್ಸವದ ಮಟ್ಟಿಗೆ ದಾಖಲೆಯೆನಿಸಿದ ಸುಮಾರು 2.5 ಕೋಟಿ ಡಾಲರಿಗೆ ಆ್ಯಪಲ್ ಪಾಲಾದ ಈ ಪುಟ್ಟ ಸ್ವತಂತ್ರ ಚಿತ್ರ, ಮರುವರ್ಷ 12 ಆಸ್ಕರ್ ನಾಮನಿರ್ದೇಶನಗಳ ‘ದಿ ಪವರ್ ಆಫ್ ದಿ ಡಾಗ್’ ಅನ್ನು ಹಿಂದಿಕ್ಕಿದಾಗ, ಹಿಂದೆ ಅದನ್ನು ಮೃದುವಾಗಿ ಹೊಗಳಿದ್ದವರಿಗೂ ಇದು ಅತಿಯೆನಿಸಿದ್ದರೆ ಆಶ್ಚರ್ಯವಿಲ್ಲ.

ಇದಕ್ಕಿಂತ ತೂಕದ ಆಕ್ಷೇಪ ಬಂದದ್ದು ಕಿವುಡ ವಿಮರ್ಶಕರಿಂದ. 2014ರ ಫ್ರೆಂಚ್ ಮೂಲಚಿತ್ರದಲ್ಲಿ ಕಿವುಡ ತಂದೆ-ತಾಯಿಯ ಪಾತ್ರಗಳನ್ನು ಕಿವಿ ಕೇಳಿಸುವ ನಟರು ಮಾಡಿದ್ದರು. ಹೇಡರ್ ಆ ದಾರಿ ಬಿಟ್ಟು ಕಿವುಡ ಕಲಾವಿದರೇ ಆದ ಮಾರ್ಲೀ ಮ್ಯಾಟ್ಲಿನ್, ಟ್ರಾಯ್ ಕೋಟ್ಸರ್, ಡೇನಿಯಲ್ ಡ್ಯುರಾಂಟ್ ಅವರನ್ನು ಆರಿಸಿದರು. ಮ್ಯಾಟ್ಲಿನ್ ಬಳಿಕ ನಟನೆಗೆ ಆಸ್ಕರ್ ಪಡೆದ ಎರಡನೆಯ ಕಿವುಡ ಕಲಾವಿದ ಕೋಟ್ಸರ್. ಇದನ್ನು ಸ್ವಾಗತಿಸಿದವರೇ ಕೇಳಿದ ಪ್ರಶ್ನೆ: ವೈದ್ಯರ ಕೊಠಡಿಯಲ್ಲೂ ಮಗಳೇ ಏಕೆ ದುಭಾಷಿಯಾಗಬೇಕು? ಅಮೆರಿಕದ 1990ರ ಅಂಗವಿಕಲರ ಹಕ್ಕುಗಳ ಕಾನೂನಿನ ಪ್ರಕಾರ, ಅಗತ್ಯವಿದ್ದಾಗ ಸಂಜ್ಞಾಭಾಷೆಯ ದುಭಾಷಿಯನ್ನು ಒದಗಿಸುವ ಹೊಣೆ ವೈದ್ಯರದು. ಸ್ವಂತ ದೋಣಿ ನಡೆಸುವ ದಂಪತಿಗೆ ಇದು ಗೊತ್ತಿರದೆಂದು ನಂಬುವುದು ಕಷ್ಟ. ಆದರೆ ತಂದೆ-ತಾಯಿ ಅಸಹಾಯಕರಾಗಿ ಕಂಡಷ್ಟೂ ಮಗಳು ಮನೆ ಬಿಟ್ಟು ಹೊರಡುವುದು ನಮ್ಮನ್ನು ಹೆಚ್ಚು ಅಳಿಸುತ್ತದೆ. ಕಣ್ಣೀರಿನ ಅನುಕೂಲಕ್ಕಾಗಿ ಕಥೆ ಇಲ್ಲಿ ಕಿವುಡರ ಬದುಕನ್ನೇ ಬಗ್ಗಿಸಿದೆ. ಸೂತ್ರ ಹಳತು ಎಂಬ ದೂರನ್ನು ನಾನು ಮನ್ನಿಸಬಲ್ಲೆ, ಇದನ್ನು ಮನ್ನಿಸಲಾರೆ. ಕೋಟ್ಸರ್ ನಟನೆಗಾಗಿ ಚಿತ್ರವನ್ನು ಮತ್ತೊಮ್ಮೆ ನೋಡಲು ಮಾತ್ರ ಇದರಿಂದ ಅಡ್ಡಿಯಿಲ್ಲ.