ಆ ಸ್ಟೆಮ್ ಸೆಲ್ ಬೇರೆ, ಈ ಸ್ಟೆಮ್ ಸೆಲ್ ಬೇರೆ

ಹುತ್ತರಿಗೆ ಊರಿಗೆ ಹೋಗಿದ್ದೆ, ನಾಪೋಕ್ಲು ಕಡೆ. ಕದಿರು ತೆಗೆದು ಮನೆಗೆ ಬಂದಿದ್ದೆವು. ತಂಬುಟ್ಟು ಇನ್ನೂ ಬಾಯಿಗೆ ಹಾಕಿರಲಿಲ್ಲ, ಪಕ್ಕದ ತೋಟದ ಹಿರಿಯರು ನನ್ನನ್ನು ಜಗಲಿಗೆ ಕರೆದರು. ಅವರ ಮೊಮ್ಮಗನಿಗೆ ಏಳು ವರ್ಷ. ಹಿಂದಿನ ತಿಂಗಳು ಮೆದುಳಿನ ಗಡ್ಡೆಗೆ ಆಪರೇಷನ್ ಆಗಿತ್ತು. ರೇಡಿಯೇಷನ್ ಶುರುವಾಗಬೇಕಿತ್ತು.

"ಮಗು ಹುಟ್ಟಿದಾಗ ಹೊಕ್ಕುಳಬಳ್ಳಿಯ ರಕ್ತವನ್ನು ಬ್ಯಾಂಕಿನಲ್ಲಿ ಇಟ್ಟಿದ್ದೇವೆ ಡಾಕ್ಟ್ರೇ. ಅದರಲ್ಲಿ ಸ್ಟೆಮ್ ಸೆಲ್ ಇದೆಯಂತೆ. ಅದನ್ನೇ ಕೊಟ್ಟರೆ ಸಾಕಲ್ವಾ? ಅಷ್ಟು ಚಿಕ್ಕ ತಲೆಗೆ ಕರೆಂಟು ಯಾಕೆ?"

ನಾನು ಮಕ್ಕಳ ಕ್ಯಾನ್ಸರ್ ಡಾಕ್ಟರ್. ಕೆಲವು ವರ್ಷ ಲ್ಯಾಬಿನಲ್ಲಿ ಇದೇ ಗಡ್ಡೆಗಳ ಜೀವಕೋಶ ಬೆಳೆಸಿ ನೋಡುವ ಕೆಲಸವನ್ನೂ ಮಾಡಿದ್ದೇನೆ. ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮೆದುಳಿನ ಗಡ್ಡೆಯಲ್ಲಿ ಸ್ಟೆಮ್ ಸೆಲ್ ಇದೆ ಅಂತ ಎಲ್ಲೋ ಓದುತ್ತಾರೆ. ಸ್ಟೆಮ್ ಸೆಲ್‌ನಿಂದ ಚಿಕಿತ್ಸೆ ಇದೆ ಅಂತ ಇನ್ನೆಲ್ಲೋ ಓದುತ್ತಾರೆ. ಎರಡನ್ನೂ ಸೇರಿಸಿ ಒಂದು ಆಸೆ ಕಟ್ಟಿಕೊಳ್ಳುತ್ತಾರೆ. ಆ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಅದಕ್ಕಾಗಿ ಚಿಕಿತ್ಸೆ ಮುಂದೂಡಿದರೆ ನನಗೆ ಸಹಿಸಲು ಆಗುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸ್ಟೆಮ್ ಸೆಲ್ ಅನ್ನುವುದು ಒಂದು ಕೆಲಸದ ಹೆಸರು. ತನ್ನಂಥದ್ದೇ ಇನ್ನೊಂದನ್ನು ಹುಟ್ಟಿಸಿಕೊಳ್ಳುತ್ತದೆ, ಜೊತೆಗೆ ಬೇರೆ ಥರದ ಕೋಶಗಳನ್ನೂ ಹುಟ್ಟಿಸುತ್ತದೆ. ಈ ಕೆಲಸ ಯಾವ ಕೋಶ ಮಾಡಿದರೂ ಅದಕ್ಕೆ ಸ್ಟೆಮ್ ಸೆಲ್ ಅನ್ನುತ್ತೇವೆ. ಮೂಳೆಯ ಮಜ್ಜೆಯಲ್ಲಿ ಇರುವುದು ರಕ್ತ ಹುಟ್ಟಿಸುತ್ತದೆ. ಚರ್ಮದಲ್ಲಿ ಇರುವುದು ಚರ್ಮ ಹುಟ್ಟಿಸುತ್ತದೆ. ಗಡ್ಡೆಯಲ್ಲಿ ಇರುವುದು ಗಡ್ಡೆಯನ್ನೇ ಹುಟ್ಟಿಸುತ್ತದೆ. ಹೊಕ್ಕುಳಬಳ್ಳಿಯಲ್ಲಿ ಇರುವುದು ಹೆಚ್ಚಾಗಿ ರಕ್ತ ಹುಟ್ಟಿಸುವ ಜಾತಿಯದು. ಅದನ್ನು ಮಗುವಿಗೆ ಕೊಟ್ಟರೆ ಮೆದುಳಿಗೆ ಹೋಗಿ ಗಡ್ಡೆಯ ಜೊತೆ ಜಗಳ ಆಡುವುದಿಲ್ಲ. ಅದಕ್ಕೆ ಆ ಕೆಲಸ ಗೊತ್ತೇ ಇಲ್ಲ.

ಪುಸ್ತಕದಲ್ಲಿ ಇದನ್ನು ಕಾಂಡಕೋಶ ಅನ್ನುತ್ತಾರೆ. ಆ ಪದ ಹೇಳಿದ ಕೂಡಲೇ ಅಜ್ಜ, "ಕಾಂಡಕೊರಕದ ಥರಾನಾ?" ಅಂದರು. ಅರೇಬಿಕಾ ಬೆಳೆದವರಿಗೆ ಆ ಹುಳದ ಹೆಸರು ಕೇಳಿದರೆ ಎದೆ ಝಲ್ ಅನ್ನುತ್ತದೆ. ತೊಗಟೆಯ ಬಿರುಕಲ್ಲಿ ಮೊಟ್ಟೆ, ಒಳಗೆ ಹುಳ. ಎಲೆ ಹಳದಿಯಾಗುವಷ್ಟರಲ್ಲಿ ಗಿಡ ಮುಗಿದಿರುತ್ತದೆ. ಆದರೆ ಈ ಹೋಲಿಕೆ ಪೂರ್ತಿ ಸರಿಯಲ್ಲ. ಕೊರಕ ಹೊರಗಿನಿಂದ ಬಂದದ್ದು. ಗಡ್ಡೆಯ ಕಾಂಡಕೋಶ ಮಗುವಿನದೇ, ದಾರಿ ತಪ್ಪಿದ್ದು ಅಷ್ಟೇ.

"ಹಾಗಾದ್ರೆ ಬುಡ ಕಡಿದ ರೋಬಸ್ಟಾ" ಅಂದರು ಅವರು. ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಹಳೇ ರೋಬಸ್ಟಾವನ್ನು ಮೊಣಕಾಲಿನ ಮಟ್ಟಕ್ಕೆ ಕಡಿದರೂ ಕೆಲವೇ ವಾರಗಳಲ್ಲಿ ಮೋಟಿನಿಂದ ಚಿಗುರು ಏಳುತ್ತದೆ. ಎಲೆಯಿಂದ ಗಿಡ ಬರುವುದಿಲ್ಲ. ತೊಗಟೆಯ ಕೆಳಗೆ ಮಲಗಿದ್ದ ಮೊಗ್ಗಿನಿಂದ ಬರುತ್ತದೆ. ಆಪರೇಷನ್ ಅಂದರೆ ಬುಡ ಕಡಿದ ಹಾಗೆ. ಸ್ಕ್ಯಾನಿನಲ್ಲಿ ಗಿಡ ಕಾಣುವುದಿಲ್ಲ. ಮಲಗಿದ ಮೊಗ್ಗು ಸ್ಕ್ಯಾನಿಗೆ ಕಾಣುವಷ್ಟು ದೊಡ್ಡದಿರುವುದಿಲ್ಲ. ರೇಡಿಯೇಷನ್ ಕೊಡುವುದು ಹಾಗೆ ಉಳಿದವಕ್ಕಾಗಿಯೇ.

ಇದನ್ನು ಸುಮ್ನೆ ಊಹೆಯಿಂದ ಹೇಳುತ್ತಿಲ್ಲ. ಟೊರಾಂಟೊದ ಮಕ್ಕಳ ಆಸ್ಪತ್ರೆಯಲ್ಲಿ ಶೀಲಾ ಸಿಂಗ್, ಪೀಟರ್ ಡರ್ಕ್ಸ್ ಮತ್ತು ಸಂಗಡಿಗರು ಮೆದುಳಿನ ಗಡ್ಡೆಗಳ ಕೋಶಗಳನ್ನು ಎರಡು ಗುಂಪು ಮಾಡಿದರು. ಮೈಮೇಲೆ ಸಿಡಿ133 ಅನ್ನುವ ಗುರುತು ಇದ್ದವು ಒಂದು ಕಡೆ, ಇಲ್ಲದವು ಇನ್ನೊಂದು ಕಡೆ. ಆಮೇಲೆ ಇಲಿಗಳ ಮೆದುಳಿಗೆ ಹಾಕಿ ನೋಡಿದರು. ಗುರುತು ಇದ್ದ ಬರೀ 100 ಕೋಶಗಳಿಂದ ಹೊಸ ಗಡ್ಡೆ ಬೆಳೆಯಿತು. ಗುರುತು ಇಲ್ಲದ 1,00,000 ಕೋಶ ಹಾಕಿದರೂ ಬೆಳೆಯಲಿಲ್ಲ. ಇದು ಪ್ರಕಟವಾದದ್ದು 2004ರಲ್ಲಿ. ಅವರು ನೋಡಿದ್ದರಲ್ಲಿ ಮೆಡುಲ್ಲೊಬ್ಲಾಸ್ಟೊಮಾ ಕೂಡ ಇತ್ತು. ಮಕ್ಕಳಲ್ಲಿ ಕಾಣುವ ಕ್ಯಾನ್ಸರ್ ಜಾತಿಯ ಮೆದುಳಿನ ಗಡ್ಡೆಗಳಲ್ಲಿ ಅದೇ ಜಾಸ್ತಿ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಆಮೇಲಿನ ಸಂಶೋಧನೆಗಳಲ್ಲಿ ಸಿಡಿ133 ಇಲ್ಲದ ಕೋಶಗಳಿಂದಲೂ ಕೆಲವು ಗಡ್ಡೆ ಬೆಳೆದವು. ಕೋಶಗಳು ತಮ್ಮ ಸ್ವಭಾವವನ್ನೂ ಬದಲಿಸುತ್ತವೆ. ಹಾಗಾಗಿ ಎಲ್ಲಾ ಗಡ್ಡೆಗೂ ಒಂದೇ ಲೆಕ್ಕ ಹಾಕಲು ಬರುವುದಿಲ್ಲ. ಮೆಡುಲ್ಲೊಬ್ಲಾಸ್ಟೊಮಾದಲ್ಲೇ ನಾಲ್ಕು ಮುಖ್ಯ ಬಗೆ ಇವೆ. ಎಸ್‌ಎಚ್‌ಎಚ್ (ಸೋನಿಕ್ ಹೆಡ್ಜ್‌ಹಾಗ್) ಅನ್ನುವುದು ಕೋಶಗಳಿಗೆ ಬೆಳೆಯಲು ಹೇಳುವ ಒಂದು ಸೂಚನೆ. ಅದರ ಹೆಸರಿನ ಬಗೆಯನ್ನು ಡರ್ಕ್ಸ್ ಅವರ ತಂಡವೇ ಇಲಿಗಳಲ್ಲಿ ನೋಡಿತು. 2014ರಲ್ಲಿ ಬಂದ ಆ ವರದಿಯಲ್ಲಿ ಸಾಕ್ಸ್2 ಗುರುತಿನ ಸ್ವಲ್ಪವೇ ಕೋಶಗಳ ಮಾತು ಬರುತ್ತದೆ. ಅವು ಹೆಚ್ಚು ಹೊತ್ತು ಮಲಗಿಯೇ ಇರುತ್ತವೆ. ಕೀಮೋ ಔಷಧಿಗಳು ಹೆಚ್ಚಾಗಿ ಹೊಡೆಯುವುದು ಓಡುತ್ತಿರುವ, ಒಡೆಯುತ್ತಿರುವ ಕೋಶಗಳನ್ನು. ಮಲಗಿದವು ಉಳಿದುಕೊಂಡು ಆಮೇಲೆ ಏಳುತ್ತವೆ.

"ಹಾಗಾದರೆ ಆ ಕೋಶಗಳನ್ನೇ ಹುಡುಕಿ ಕೊಲ್ಲಿ" ಅಂತ ಹಲವರು ಹೇಳುತ್ತಾರೆ. ನಾವೂ ಅದನ್ನೇ ಹುಡುಕುತ್ತಿದ್ದೇವೆ. ತೊಂದರೆ ಏನೆಂದರೆ, ಬೆಳೆಯುವ ಮಗುವಿನ ಮೈಯ ಒಳ್ಳೆಯ ಕೋಶಗಳೂ ಅದೇ ಸೂಚನೆಗಳ ಮೇಲೆ ನಡೆಯುತ್ತವೆ. ಎಸ್‌ಎಚ್‌ಎಚ್ ದಾರಿಯನ್ನು ತಡೆಯುವ ಒಂದು ಔಷಧಿಯಿಂದ ಕೆಲವು ಚಿಕ್ಕ ಮಕ್ಕಳ ಮೂಳೆಯ ಬೆಳವಣಿಗೆಯ ಭಾಗ ಬೇಗ ಮುಚ್ಚಿಕೊಂಡಿತು. ಅದಕ್ಕೇ ಲ್ಯಾಬಿನಿಂದ ಮಂಚದವರೆಗಿನ ದಾರಿ ಇಷ್ಟು ಉದ್ದ.

ಗೊಂದಲಕ್ಕೆ ನಮ್ಮದೂ ಪಾಲಿದೆ. ತುಂಬಾ ಚಿಕ್ಕ ಮಕ್ಕಳಿಗೆ ರೇಡಿಯೇಷನ್ ತಪ್ಪಿಸಲು ಕೆಲವೊಮ್ಮೆ ಜೋರಾದ ಕೀಮೋ ಕೊಡುತ್ತೇವೆ. ಅದರಿಂದ ಮಜ್ಜೆ ಸುಟ್ಟುಹೋಗುತ್ತದೆ. ಮೊದಲೇ ತೆಗೆದಿಟ್ಟ ಮಗುವಿನದೇ ರಕ್ತದ ಸ್ಟೆಮ್ ಸೆಲ್‌ಗಳನ್ನು ಆಮೇಲೆ ವಾಪಸ್ ಕೊಡುತ್ತೇವೆ. ವಾರ್ಡಿನಲ್ಲಿ ಎಲ್ಲರೂ ಅದನ್ನು "ಸ್ಟೆಮ್ ಸೆಲ್ ಕೊಟ್ಟರು" ಅನ್ನುತ್ತಾರೆ. ಕೊಟ್ಟದ್ದು ರಕ್ತ ಮತ್ತೆ ಹುಟ್ಟಲಿ ಅಂತ. ಗಡ್ಡೆಗೆ ಕೊಟ್ಟದ್ದು ಕೀಮೋ.

ಮೆದುಳಿಗೆ ನೇರವಾಗಿ ಸ್ಟೆಮ್ ಸೆಲ್ ಚುಚ್ಚಿದರೆ ಏನಾಗಬಹುದು ಅನ್ನುವುದಕ್ಕೆ ದಾಖಲಾದ ಒಂದು ಘಟನೆ ಇದೆ. ಇಸ್ರೇಲಿನ ಒಬ್ಬ ಹುಡುಗನಿಗೆ ನರಗಳ ಕಾಯಿಲೆ ಇತ್ತು, ಕ್ಯಾನ್ಸರ್ ಅಲ್ಲ. ರಷ್ಯಾದಲ್ಲಿ ಅವನ ಮೆದುಳಿಗೆ ಭ್ರೂಣದಿಂದ ತೆಗೆದ ಕೋಶಗಳನ್ನು ಚುಚ್ಚಿಸಿದರು. ಮೊದಲ ಸಲ ಚುಚ್ಚಿಸಿ ನಾಲ್ಕು ವರ್ಷಕ್ಕೆ ಗಡ್ಡೆ ಕಂಡಿತು. ಪರೀಕ್ಷೆ ಮಾಡಿದಾಗ ಆ ಗಡ್ಡೆ ಬೆಳೆದದ್ದು ಚುಚ್ಚಿದ ಕೋಶಗಳಿಂದಲೇ ಅಂತ ಗೊತ್ತಾಯಿತು. 2009ರಲ್ಲಿ ಇದನ್ನು ವೈದ್ಯರು ಪ್ರಕಟಿಸಿದರು. ಒಂದು ಘಟನೆಯಿಂದ ಎಲ್ಲವನ್ನೂ ತೀರ್ಮಾನಿಸಬಾರದು ನಿಜ. ಆದರೆ "ಸ್ಟೆಮ್ ಸೆಲ್ ತಾನೇ, ಒಳ್ಳೇದೇ ಆಗುತ್ತೆ" ಅನ್ನುವವರಿಗೆ ಇದನ್ನು ಹೇಳದೆ ನಾನು ಬಿಡುವುದಿಲ್ಲ. ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಕೂಡ 2017ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ಒಪ್ಪಿಗೆ ಇರುವ ರಕ್ತದ ಕಾಯಿಲೆಗಳಂಥ ಕಡೆ ಮಜ್ಜೆ ಕಸಿ ಮಾಡಬಹುದು. ಉಳಿದದ್ದೆಲ್ಲ ಪ್ರಯೋಗ, ಅದನ್ನು ಹಣಕ್ಕೆ ಮಾರುವಂತಿಲ್ಲ.

ಸೋಮವಾರಪೇಟೆ ಕಡೆಯ ಒಂದು ಹೆಣ್ಣುಮಗು ನನಗೆ ಮರೆಯುವುದಿಲ್ಲ. ಆಪರೇಷನ್ ಚೆನ್ನಾಗಿ ಆಗಿತ್ತು. ರೇಡಿಯೇಷನ್ನನ್ನು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದೊಳಗೆ ಶುರು ಮಾಡಲು ನೋಡುತ್ತೇವೆ. ಮನೆಯವರು ದೂರದ ಊರಿನ ಒಂದು ಸೆಂಟರಿಗೆ ಹೋದರು, ಇಂಜೆಕ್ಷನ್ ಕೊಡಿಸಿದರು, ಮೂರು ತಿಂಗಳು ಕಳೆದು ಬಂದರು. ತೋಟದ ಒಂದು ಪಟ್ಟಿ ಮಾರಿದ್ದರು. ಅಷ್ಟರಲ್ಲಿ ಗಡ್ಡೆ ಬೆನ್ನುಹುರಿಗೆ ಇಳಿದಿತ್ತು. ಆ ಮೂರು ತಿಂಗಳು ಕಳೆಯದಿದ್ದರೆ ಮಗು ಉಳಿಯುತ್ತಿತ್ತು ಅಂತ ನಾನು ಖಚಿತವಾಗಿ ಹೇಳಲಾರೆ. ಅವಕಾಶ ಜಾಸ್ತಿ ಇತ್ತು ಅಂತ ಹೇಳಬಲ್ಲೆ. ಅಪ್ಪ ಅಮ್ಮನ ಮೇಲೆ ನನಗೆ ಸಿಟ್ಟಿಲ್ಲ.

ರೇಡಿಯೇಷನ್ ಬಗ್ಗೆ ಭಯ ಪಡುವವರದು ತಪ್ಪಿಲ್ಲ. ಓದು, ನೆನಪು, ಎತ್ತರ, ಎಲ್ಲದರ ಮೇಲೂ ಅದರ ಪರಿಣಾಮ ಇರಬಹುದು. ಅದಕ್ಕೇ ಮೂರು ವರ್ಷದೊಳಗಿನವರಿಗೆ ಆದಷ್ಟು ತಪ್ಪಿಸುತ್ತೇವೆ, ಅದಕ್ಕಿಂತ ದೊಡ್ಡ ಮಕ್ಕಳಿಗೆ ಅಳೆದು ಕೊಡುತ್ತೇವೆ. ಆ ಭಯವನ್ನು ನಮ್ಮ ಮುಂದೆ ಇಡಿ. ಗಡ್ಡೆ ಯಾವ ಬಗೆ ಅಂತ ಕೇಳಿ. ಆಸ್ಪತ್ರೆಯಿಂದ ಮೇಣದ ಬ್ಲಾಕ್ (ಗಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿಟ್ಟದ್ದು) ಕೇಳಿ ಇಟ್ಟುಕೊಳ್ಳಿ, ಎರಡನೇ ಅಭಿಪ್ರಾಯಕ್ಕೆ ಬೇಕಾಗುತ್ತದೆ. ಗಡ್ಡೆಯ ಚೂರನ್ನು ಸಂಶೋಧನೆಗೆ ಕೊಡುತ್ತೀರಾ ಅಂತ ಯಾರಾದರೂ ಒಪ್ಪಿಗೆ ಪತ್ರ ತಂದರೆ, ಓದಿ, ಮನಸ್ಸಿಗೆ ಬಂದರೆ ಸಹಿ ಹಾಕಿ. ಈ ಗಡ್ಡೆಯ ಕೋಶಗಳ ಬಗ್ಗೆ ನಮಗೆ ಗೊತ್ತಾದದ್ದರಲ್ಲಿ ಎಷ್ಟೋ ಹಾಗೆ ಕೊಟ್ಟ ಮಕ್ಕಳಿಂದಲೇ.

ಅಜ್ಜ ಆ ರಾತ್ರಿ ಏನೂ ಹೇಳಲಿಲ್ಲ. ನಾಲ್ಕು ದಿನ ಬಿಟ್ಟು ಫೋನ್ ಮಾಡಿದರು. ಆಸ್ಪತ್ರೆ ಹತ್ತಿರ ರೂಮ್ ಹಿಡಿದಿದ್ದಾರೆ. ವಾರಕ್ಕೆ ಐದು ದಿನದಂತೆ ಆರು ವಾರ. ಕಾಫಿ ಕೊಯ್ಲನ್ನು ಈ ಸಲ ತಮ್ಮ ನೋಡಿಕೊಳ್ಳುತ್ತಾನಂತೆ.