ತಿಂಗಳು ತುಂಬದ ಮಗುವಿಗೆ ತಿಂಗಳೊಳಗೆ ಕಣ್ಣಿನ ಪರೀಕ್ಷೆ

ಸಕಲೇಶಪುರ, ಆಲೂರು ಕಡೆಯಿಂದ ಹಾಸನಕ್ಕೆ ನನ್ನಲ್ಲಿ ಕಣ್ಣು ತೋರಿಸಲು ಬರುವ ಅವಧಿಪೂರ್ವ ಶಿಶುಗಳಲ್ಲಿ ಕೆಲವು ತಡವಾಗಿ ಬರುತ್ತವೆ. ಕಾರಣ ಕೇಳಿದರೆ, ಬಾಣಂತನ ಮುಗಿಯುವ ಮೊದಲು ಮಗುವನ್ನು ಮಳೆಗಾಳಿಗೆ ಒಡ್ಡಬಾರದೆಂದು ಅಜ್ಜಿ ಹೊಸಿಲು ದಾಟಲು ಬಿಡಲಿಲ್ಲ ಎನ್ನುತ್ತಾರೆ. ಅಜ್ಜಿಯ ಕಾಳಜಿ ಸುಳ್ಳಲ್ಲ; ಕಡಿಮೆ ತೂಕದ ಮಗುವಿಗೆ ಶೀತ ನಿಜಕ್ಕೂ ಅಪಾಯಕರ. ಆದರೆ ಅವಧಿಪೂರ್ವ ಶಿಶುಗಳಿಗೆ ಬರುವ, ಆರ್‌ಒಪಿ ಎಂಬ ಅಕ್ಷಿಪಟಲದ (ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪೊರೆಯ) ರೋಗ ಬಲಿಯುವುದೂ ಆ ವಾರಗಳಲ್ಲೇ.

ಅಕ್ಷಿಪಟಲದ ರಕ್ತನಾಳಗಳು ಗರ್ಭದ ಸುಮಾರು 16ನೇ ವಾರದಲ್ಲಿ ಕಣ್ಣಿನ ನರದ ಬುಡದಿಂದ ಹೊರಟು, ಮೂಗಿನ ಕಡೆಯ ಅಂಚನ್ನು 36ನೇ ವಾರದ ಹೊತ್ತಿಗೂ ಕಿವಿಯ ಕಡೆಯ ಅಂಚನ್ನು 40ನೇ ವಾರದ ಹೊತ್ತಿಗೂ ಮುಟ್ಟುತ್ತವೆ. 30ನೇ ವಾರಕ್ಕೆ ಹುಟ್ಟಿದ ಮಗುವಿನಲ್ಲಿ ಅವು ಇನ್ನೂ ದಾರಿಯಲ್ಲಿರುತ್ತವೆ. ಉಸಿರಾಟಕ್ಕೆಂದು ಕೊಡುವ ಆಮ್ಲಜನಕ ಅಗತ್ಯ ಮೀರಿದರೆ ಆ ಬೆಳವಣಿಗೆ ನಿಲ್ಲುತ್ತದೆ. ಬಳಿಕ ರಕ್ತ ತಲುಪದ ಅಂಚು ವಿಇಜಿಎಫ್ ಎಂಬ ಪ್ರೋಟೀನನ್ನು ಸ್ರವಿಸಿ, ಅಡ್ಡಾದಿಡ್ಡಿ ಹೊಸ ನಾಳಗಳನ್ನು ಹುಟ್ಟಿಸುತ್ತದೆ. ಅವು ಅಕ್ಷಿಪಟಲವನ್ನು ಎಳೆದು ಪೂರ್ತಿ ಕಿತ್ತುಬಿಟ್ಟರೆ, ಶಸ್ತ್ರಚಿಕಿತ್ಸೆಯಿಂದಲೂ ಉಳಿಯುವ ದೃಷ್ಟಿ ಅತ್ಯಲ್ಪ. ಅಲ್ಲಿಯವರೆಗೂ ಮಗುವಿನ ಕಣ್ಣು ನೋಡುವವರಿಗೆ ಚೆನ್ನಾಗಿಯೇ ಕಾಣುತ್ತಿರುತ್ತದೆ.

ಆದ್ದರಿಂದ 34 ವಾರಕ್ಕೆ ಮುನ್ನ ಅಥವಾ 2 ಕೆ.ಜಿ.ಗಿಂತ ಕಡಿಮೆ ತೂಕದೊಡನೆ ಹುಟ್ಟಿದ ಮಗುವಿಗೆ 30 ದಿನದೊಳಗೆ, 28 ವಾರಕ್ಕೂ ಮುನ್ನ ಹುಟ್ಟಿದ್ದರೆ 2–3 ವಾರದಲ್ಲೇ, ಮೊದಲ ಪರೀಕ್ಷೆ ಆಗಬೇಕು. ಅಮೆರಿಕದಲ್ಲಿ ತೂಕದ ಮಿತಿ 1500 ಗ್ರಾಂ. ಅದನ್ನೇ ಇಲ್ಲಿ ಪಾಲಿಸಿದರೆ ನಮ್ಮ ಎಷ್ಟೋ ಮಕ್ಕಳು ತಪ್ಪಿಹೋಗುತ್ತಾರೆ.

ರೋಗ ತೀವ್ರವಾಗಿದ್ದರೆ 48ರಿಂದ 72 ಗಂಟೆಗಳೊಳಗೆ ಚಿಕಿತ್ಸೆ ನಡೆಯಬೇಕು. "ಎಳೆಗಣ್ಣನ್ನು ಸುಡುತ್ತೀರಾ?" ಎಂದು ಲೇಸರ್ ಹೆಸರು ಕೇಳಿದ ತಾಯಂದಿರು ಗಾಬರಿಯಾಗುತ್ತಾರೆ. ಸುಡುವುದು ನಿಜ, ಆದರೆ ರಕ್ತ ತಲುಪದ ಅಂಚನ್ನು ಮಾತ್ರ. ಬದಿಯ ನೋಟ ಸ್ವಲ್ಪ ಕುಗ್ಗಬಹುದು, ನಡುವಿನ ನೋಟವನ್ನು ಉಳಿಸಿಕೊಳ್ಳುವುದೇ ಉದ್ದೇಶ. ವಿಇಜಿಎಫ್ ತಡೆಯುವ ಚುಚ್ಚುಮದ್ದು ನಾಳಗಳನ್ನು ಮುಂದಕ್ಕೆ ಬೆಳೆಯಲು ಬಿಡುತ್ತದೆ, ಕೊಡುವುದೂ ಬೇಗ. ಆದರೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೆ ರೋಗ ಮರುಕಳಿಸಬಹುದಾದ್ದರಿಂದ ದೀರ್ಘಕಾಲ ಕರೆತರಬೇಕಾಗುತ್ತದೆ. ಮಳೆಗಾಲದಲ್ಲಿ ಘಟ್ಟದಂಚಿನ ತೋಟದ ಲೈನ್‌ಮನೆಯಿಂದ ಬರಬೇಕಾದ ಕುಟುಂಬಕ್ಕೆ, ಎರಡೂ ಸಾಧ್ಯವಿರುವಲ್ಲಿ, ನಾನು ಲೇಸರನ್ನೇ ಸೂಚಿಸುತ್ತೇನೆ.

ಅಜ್ಜಿಗೆ ನಾನು ಹೇಳುವುದು ಇಷ್ಟು: ಮಗುವಿಗೆ ಕುಲಾವಿ ತೊಡಿಸಿ, ತಾಯಿಯ ಎದೆಗವಚಿ, ಕಂಬಳಿ ಹೊದಿಸಿ ಕರೆತನ್ನಿ, ಪರೀಕ್ಷೆಗೆ ಒಂದು ಗಂಟೆ ಮೊದಲೇ ಹಾಲು ಕುಡಿಸಿ, ಏಕೆಂದರೆ ಹೊಟ್ಟೆ ತುಂಬಿದೊಡನೆ ಕಣ್ಣು ಅಗಲಿಸಿದರೆ ಮಗು ವಾಂತಿ ಮಾಡಬಹುದು.