ಥಂಡರ್‌ಬರ್ಡ್‌ನ ಜಂಕ್ ಸೆಟ್ಟಿಂಗ್ಸ್: ಒಂದೊಂದು ಟಿಕ್ ಹಿಂದೆಯೂ ಒಂದೊಂದು ಜಗಳ

ಕಂಪ್ಯೂಟರ್‌ನಲ್ಲಿ ಮೇಲ್ ಓದುವ ಥಂಡರ್‌ಬರ್ಡ್ ಅನ್ನುವ ಪ್ರೋಗ್ರಾಮಿನಲ್ಲಿ ಅಕೌಂಟ್ ಸೆಟ್ಟಿಂಗ್ಸ್ ತೆರೆದರೆ ಎಡಗಡೆ ಪಟ್ಟಿಯಲ್ಲಿ ಜಂಕ್ ಸೆಟ್ಟಿಂಗ್ಸ್ ಅಂತ ಒಂದು ಸಾಲು ಇದೆ. ಬೇಡದ ಮೇಲ್ ಹಿಡಿದು ಬೇರೆ ಮಾಡುವ ಫಿಲ್ಟರ್‌ನ ಆಯ್ಕೆಗಳು ಇರುವುದು ಅಲ್ಲಿ. ಜಾಸ್ತಿ ಜನ ಅದನ್ನು ಒತ್ತಿಯೇ ಇರುವುದಿಲ್ಲ. ಒತ್ತಿದವರೂ ನಾಲ್ಕಾರು ಟಿಕ್ ಬಾಕ್ಸ್ ನೋಡಿ, ಇದ್ದದ್ದು ಇದ್ದ ಹಾಗೇ ಇರಲಿ ಅಂತ ಮುಚ್ಚಿಬಿಡುತ್ತಾರೆ. ಆಮೇಲೆ ‘ಈ ಫಿಲ್ಟರ್ ಕೆಲಸಕ್ಕೇ ಬರಲ್ಲ’ ಅನ್ನುವ ದೂರು. ನನ್ನ ಪ್ರಕಾರ ಅದು ಕೆಟ್ಟಿರುವುದು ಕಡಿಮೆ, ಅದಕ್ಕೆ ಯಾರೂ ಏನೂ ಕಲಿಸದೇ ಬಿಟ್ಟಿರುವುದೇ ಜಾಸ್ತಿ. ಆ ಬಾಕ್ಸ್‌ಗಳು ಅಲ್ಲಿಗೆ ಹೇಗೆ ಬಂದವು ಅಂತ ಗೊತ್ತಾದರೆ ಯಾವುದನ್ನು ಹೇಗೆ ಇಡಬೇಕು ಅನ್ನುವುದೂ ತಿಳಿಯುತ್ತದೆ.

ಬೇಡದ ಮೇಲ್‌ನ, ಅಂದರೆ ಜಂಕ್ ಅಥವಾ ಸ್ಪ್ಯಾಮ್‌ನ ಕಥೆ ಇಂಟರ್ನೆಟ್‌ಗಿಂತ ಹಳೆಯದು. 1978ರ ಮೇ 3ರಂದು ಅಮೆರಿಕದ ಕಂಪ್ಯೂಟರ್ ಕಂಪನಿ ಡಿಇಸಿಯ ಗ್ಯಾರಿ ಥರ್ಕ್ ಎಂಬ ಮಾರಾಟಗಾರ ಇಂಟರ್ನೆಟ್‌ನ ಪೂರ್ವಜ ಅರ್ಪಾನೆಟ್‌ನ ಸುಮಾರು 400 ಜನರಿಗೆ ಹೊಸ ಕಂಪ್ಯೂಟರ್‌ನ ಜಾಹೀರಾತು ಕಳಿಸಿದ. ಬೈಗುಳ ಬಂತು, ಜೊತೆಗೆ ವ್ಯಾಪಾರವೂ ಬಂತು. ಅಲ್ಲೇ ಇರುವುದು ಪಾಯಿಂಟು. 1994ರಲ್ಲಿ ಕ್ಯಾಂಟರ್ ಮತ್ತು ಸೀಗಲ್ ಅನ್ನುವ ವಕೀಲ ದಂಪತಿ ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಯೂಸ್‌ನೆಟ್ ಎಂಬ ಆನ್‌ಲೈನ್ ಚರ್ಚಾ ಜಾಲದ ಸಾವಿರಾರು ಗುಂಪುಗಳಿಗೆ ಸುರಿದಾಗಲೂ ಅದೇ ಆಯಿತು. ಕಳಿಸುವವರಿಗೆ ಖರ್ಚಿಲ್ಲ, ಸಾವಿರದಲ್ಲಿ ಒಬ್ಬ ಸಿಕ್ಕಿದರೂ ಲಾಭ.

ಖರ್ಚು ಬೀಳುತ್ತಿದ್ದದ್ದು ಪಡೆಯುವವರಿಗೆ. ನಮ್ಮಲ್ಲಿ ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಜನಸಾಮಾನ್ಯರಿಗೆ ಇಂಟರ್ನೆಟ್ ಕೊಟ್ಟಿತು. ಮೋಡೆಮ್ ಕಿರ್ರ್ ಅಂತ ಕೂಗಿ, ಲೈನ್ ಸಿಕ್ಕಿ, ಮೇಲ್ ಒಂದೊಂದೇ ಇಳಿಯುವಾಗ ಫೋನ್ ಬಿಲ್ ಓಡುತ್ತಲೇ ಇರುತ್ತಿತ್ತು. ಆಗ ಮೇಲ್ ಪ್ರೋಗ್ರಾಮಿನ ಫಿಲ್ಟರ್‌ಗೆ ಕೆಲಸ ಶುರುವಾಗುತ್ತಿದ್ದದ್ದೇ ಎಲ್ಲ ಇಳಿದ ಮೇಲೆ. ಕಸವನ್ನು ದುಡ್ಡು ಕೊಟ್ಟು ಮನೆಗೆ ತಂದು ಆಮೇಲೆ ಗುಡಿಸಿದ ಹಾಗೆ.

ಮೊದಲ ಫಿಲ್ಟರ್‌ಗಳು ಬರೀ ನಿಯಮಗಳು. ವಿಷಯದ ಸಾಲಿನಲ್ಲಿ ಇಂಥ ಪದ ಇದ್ದರೆ ಇಂಥ ಫೋಲ್ಡರ್‌ಗೆ ಹಾಕು, ಅಷ್ಟೇ. ಯೂನಿಕ್ಸ್ ಕಂಪ್ಯೂಟರ್ ಬಳಸುವವರು ಪ್ರಾಕ್‌ಮೇಲ್ ಎಂಬ ಪ್ರೋಗ್ರಾಮಿನಲ್ಲಿ ಇದನ್ನೇ ಸ್ವಂತ ಕೈಯಲ್ಲಿ ಬರೆದುಕೊಳ್ಳುತ್ತಿದ್ದರು. ಥಂಡರ್‌ಬರ್ಡ್‌ನ ಮೆಸೇಜ್ ಫಿಲ್ಟರ್ಸ್ ಇವತ್ತಿಗೂ ಇದೇ ಜಾತಿಯದು. ಗೊತ್ತಿರುವ ಕಂಪನಿಯ ಆಫರ್ ಮೇಲ್‌ಗಳನ್ನು ಒಂದು ಕಡೆ ಕೂಡಿಡಲು ಚೆನ್ನಾಗಿದೆ, ಸ್ಪ್ಯಾಮ್ ಹಿಡಿಯಲು ಮಾತ್ರ ಅದನ್ನು ನಂಬಬೇಡಿ. ನೀವು ಒಂದು ಪದ ತಡೆದರೆ ಅವರು ನಾಳೆ ಅದನ್ನೇ ಬೇರೆ ಕಾಗುಣಿತದಲ್ಲಿ ಬರೆಯುತ್ತಾರೆ.

ನಿಯಮ ಇನ್ನೊಂದು ಕಡೆಯಿಂದಲೂ ಕೈ ಕೊಡುತ್ತದೆ. 1998ರ ಕೊನೆಯಲ್ಲಿ ಬ್ಲೂ ಮೌಂಟನ್ ಆರ್ಟ್ಸ್ ಎಂಬ ಗ್ರೀಟಿಂಗ್ ಕಾರ್ಡ್ ಕಂಪನಿ ಮೈಕ್ರೋಸಾಫ್ಟ್ ಮೇಲೆ ಕೇಸು ಹಾಕಿತು. ಮೈಕ್ರೋಸಾಫ್ಟ್‌ನ ಮೇಲ್ ಪ್ರೋಗ್ರಾಮ್ ಔಟ್‌ಲುಕ್ ಎಕ್ಸ್‌ಪ್ರೆಸ್‌ನ ಪ್ರಾಯೋಗಿಕ ಆವೃತ್ತಿಯ ಜಂಕ್ ಫಿಲ್ಟರ್ ಕಾರ್ಡ್ ಕಂಪನಿಯ ಶುಭಾಶಯದ ಮೇಲ್‌ಗಳನ್ನೂ ಕಸಕ್ಕೆ ತಳ್ಳುತ್ತಿತ್ತು, ಅದೂ ಹಬ್ಬದ ಸೀಸನ್ ಶುರುವಾಗುವ ಹೊತ್ತಿಗೆ. ಕೋರ್ಟು ಕಾರ್ಡ್ ಕಂಪನಿ ಪರವಾಗಿ ತಡೆ ಆದೇಶ ಕೊಟ್ಟಿತು. ಸ್ಪ್ಯಾಮ್ ಒಂದು ತಪ್ಪಿಸಿಕೊಂಡರೆ ಕಿರಿಕಿರಿ ಅಷ್ಟೇ, ಆದರೆ ಒಳ್ಳೆ ಮೇಲ್ ಒಂದು ಕಸಕ್ಕೆ ಹೋದರೆ ಕೆಲಸವೇ ಹೋಗಬಹುದು, ಅಲ್ವಾ? ಸೆಟ್ಟಿಂಗ್ಸ್‌ನಲ್ಲಿರುವ ‘ಕಳಿಸಿದವರು ಈ ಅಡ್ರೆಸ್ ಬುಕ್‌ನಲ್ಲಿದ್ದರೆ ಜಂಕ್ ಅನ್ನಬೇಡ’ ಎಂಬ ಟಿಕ್ ಇರುವುದು ಈ ಭಯಕ್ಕೇ. ಅದನ್ನು ಹಾಕಿಯೇ ಇಡಿ. ಆದರೆ ಪರ್ಸನಲ್ ಅಡ್ರೆಸ್ ಬುಕ್‌ಗೆ ಮಾತ್ರ ಹಾಕಿ. ಕಲೆಕ್ಟೆಡ್ ಅಡ್ರೆಸಸ್ ಅನ್ನುವ ಇನ್ನೊಂದು ಪುಸ್ತಕಕ್ಕೆ ನೀವು ಯಾರಿಗೆಲ್ಲ ಮೇಲ್ ಕಳಿಸುತ್ತೀರೋ ಅವರ ವಿಳಾಸ ತಾನಾಗೇ ಸೇರುತ್ತಾ ಹೋಗುತ್ತದೆ, ‘ದಯವಿಟ್ಟು ನನಗೆ ಕಳಿಸಬೇಡಿ’ ಅಂತ ನೀವು ಸಿಟ್ಟಿನಲ್ಲಿ ಉತ್ತರ ಬರೆದ ಸ್ಪ್ಯಾಮರ್‌ನದೂ ಸೇರಿ.

2001ರಲ್ಲಿ ಐರ್ಲೆಂಡಿನ ಜಸ್ಟಿನ್ ಮೇಸನ್ ಸ್ಪ್ಯಾಮ್‌ಅಸಾಸಿನ್ ಎಂಬ ಫಿಲ್ಟರ್ ಬಿಟ್ಟ. ಒಂದೇ ನಿಯಮಕ್ಕೆ ತೀರ್ಪು ಬಿಡದೆ, ನೂರಾರು ಸಣ್ಣ ಪರೀಕ್ಷೆಗಳಿಗೆ ಅಂಕ ಕೊಟ್ಟು ಕೂಡಿಸುವ ಉಪಾಯ ಇದು. ಒಟ್ಟು 5 ದಾಟಿದರೆ ಸ್ಪ್ಯಾಮ್. ಇದು ಸಾಮಾನ್ಯವಾಗಿ ಸರ್ವರ್‌ನಲ್ಲಿ, ಅಂದರೆ ಮೇಲ್ ಮೊದಲು ಬಂದು ಸೇರುವ ಕಂಪನಿಯ ಕಂಪ್ಯೂಟರ್‌ನಲ್ಲಿ ಓಡುತ್ತದೆ, ಫಲಿತಾಂಶವನ್ನು ಮೇಲ್‌ನ ತಲೆಭಾಗದಲ್ಲಿ ಸಾಮಾನ್ಯವಾಗಿ ಕಾಣದ ವಿವರಗಳಲ್ಲಿ, ಅಂದರೆ ಹೆಡರ್‌ನಲ್ಲಿ ಬರೆದು ಕಳಿಸುತ್ತದೆ. ಥಂಡರ್‌ಬರ್ಡ್‌ನಲ್ಲಿ ‘ಇವರು ಹಾಕಿದ ಜಂಕ್ ಹೆಡರ್ ನಂಬು’ ಅಂತ ಒಂದು ಆಯ್ಕೆ ಇದೆಯಲ್ಲ, ಅದು ಈ ಹೆಡರ್‌ಗಾಗಿ. ನಿಮ್ಮ ಆಫೀಸ್ ಅಥವಾ ಹೋಸ್ಟಿಂಗ್ ಕಂಪನಿ ಸ್ಪ್ಯಾಮ್‌ಅಸಾಸಿನ್ ಓಡಿಸುತ್ತಿದ್ದರೆ ಟಿಕ್ ಮಾಡಿ. ಜಿಮೇಲ್ ಬಳಸುವವರಿಗೆ ಅದರಿಂದ ಉಪಯೋಗ ಇಲ್ಲ.

ನಿಜವಾದ ತಿರುವು ಬಂದದ್ದು 2002ರ ಆಗಸ್ಟ್‌ನಲ್ಲಿ. ಪಾಲ್ ಗ್ರಹಾಂ ಎಂಬ ಪ್ರೋಗ್ರಾಮರ್ ಒಂದು ಪ್ರಬಂಧ ಬರೆದ. ಸ್ಪ್ಯಾಮ್‌ನ ಲಕ್ಷಣಗಳನ್ನು ಒಂದೊಂದಾಗಿ ಹುಡುಕಿ ನಿಯಮ ಬರೆಯುವುದರಲ್ಲಿ ಅವನೂ ಆರು ತಿಂಗಳು ಕಳೆದಿದ್ದ. ಆಮೇಲೆ ಅದನ್ನೆಲ್ಲ ಬಿಟ್ಟು, ತನ್ನ ಸುಮಾರು 4000 ಸ್ಪ್ಯಾಮ್ ಮತ್ತು 4000 ಒಳ್ಳೆಯ ಮೇಲ್‌ಗಳನ್ನು ಕಂಪ್ಯೂಟರ್‌ಗೆ ಕೊಟ್ಟು, ಯಾವ ಪದ ಯಾವ ರಾಶಿಯಲ್ಲಿ ಎಷ್ಟು ಸಲ ಬರುತ್ತದೆ ಅಂತ ಸುಮ್ನೆ ಎಣಿಸಲು ಹೇಳಿದ. ಹೊಸ ಮೇಲ್ ಬಂದಾಗ ಅದರಲ್ಲಿ ಎದ್ದು ಕಾಣುವ 15 ಪದಗಳ ಲೆಕ್ಕ ಕೂಡಿಸಿ ತೀರ್ಪು ಕೊಡುವುದು. ಲೆಕ್ಕದ ಬುಡ 18ನೇ ಶತಮಾನದ ಥಾಮಸ್ ಬೇಯ್ಸ್ ಎಂಬ ಪಾದ್ರಿಯದು. ಸ್ಪ್ಯಾಮ್‌ಗೆ ಹೀಗೆ ಬಳಸಬಹುದು ಅಂತ 1998ರಲ್ಲೇ ಸಂಶೋಧಕರು ತೋರಿಸಿದ್ದರು, ಆದರೆ ಪ್ರೋಗ್ರಾಮರ್‌ಗಳ ಮಧ್ಯೆ ಬೆಂಕಿ ಹತ್ತಿಸಿದ್ದು ಗ್ರಹಾಂ ಬರಹ. ವೆಬ್ ಪುಟದ ಭಾಷೆ ಎಚ್‌ಟಿಎಂಎಲ್‌ನಲ್ಲಿ ಕಣ್ಣು ಕುಕ್ಕುವ ಕೆಂಪು ಬಣ್ಣಕ್ಕಿರುವ ಕೋಡ್ ಕೂಡ ಅಶ್ಲೀಲ ಪದಗಳಷ್ಟೇ ಗಟ್ಟಿಯಾದ ಸ್ಪ್ಯಾಮ್ ಗುರುತು ಅಂತ ಅವನ ಲೆಕ್ಕದಲ್ಲಿ ಬಂತು. ಯಾವ ಮನುಷ್ಯನಾದರೂ ಕೂತು ಇಂಥ ನಿಯಮ ಬರೆಯುತ್ತಿದ್ದನೇ? ಒಳ್ಳೆಯ ಮೇಲ್ ಕಸಕ್ಕೆ ಹೋಗದಿರಲಿ ಅಂತ ಒಳ್ಳೆ ರಾಶಿಯ ಎಣಿಕೆಯನ್ನು ಅವನು ಎರಡರಷ್ಟು ಮಾಡಿಕೊಂಡಿದ್ದ.

ಇದರ ಸೊಗಸು ಇರುವುದು ಇನ್ನೊಂದು ಕಡೆ. ಲೆಕ್ಕ ನಿಮ್ಮ ಮೇಲ್‌ನಿಂದಲೇ ಹುಟ್ಟುತ್ತದೆ. ಬ್ಯಾಂಕಿನಲ್ಲಿ ಕೆಲಸ ಮಾಡುವವರಿಗೆ ‘ಲೋನ್’ ದಿನನಿತ್ಯದ ಪದ, ಹೈಸ್ಕೂಲ್ ಮೇಷ್ಟ್ರಿಗೆ ಅದೇ ಪದ ಹತ್ತಕ್ಕೆ ಒಂಬತ್ತು ಸಲ ಕಸ. ಇಬ್ಬರಿಗೂ ಒಂದೇ ನಿಯಮ ಬರೆಯಲು ಆಗುವುದಿಲ್ಲ, ಆದರೆ ಎಣಿಸುವ ಫಿಲ್ಟರ್ ಇಬ್ಬರ ಹತ್ತಿರವೂ ಬೇರೆ ಬೇರೆ ಪಾಠ ಕಲಿಯುತ್ತದೆ.

2003ರ ಮಾರ್ಚ್‌ನಲ್ಲಿ ಬಂದ, ಬ್ರೌಸರ್ ಮತ್ತು ಮೇಲ್ ಎರಡೂ ಇದ್ದ ಮೊಜಿಲ್ಲಾ 1.3ರಲ್ಲಿ ಈ ಎಣಿಕೆ ಮೇಲ್ ಪ್ರೋಗ್ರಾಮಿನ ಒಳಗೇ ಸೇರಿತು. ಅಲ್ಲಿಂದ ಥಂಡರ್‌ಬರ್ಡ್‌ಗೆ ಬಂತು, 2004ರ ಡಿಸೆಂಬರ್‌ನಲ್ಲಿ ಥಂಡರ್‌ಬರ್ಡ್ 1.0 ಹೊರಬಿತ್ತು. ಸೆಟ್ಟಿಂಗ್ಸ್‌ನ ಮೊದಲ ಟಿಕ್, ‘ಅಡಾಪ್ಟಿವ್ ಜಂಕ್ ಮೇಲ್ ಕಂಟ್ರೋಲ್ಸ್’ ಅನ್ನುವುದು ಇದೇ. ನೀವು ಕಲಿಸಿದ್ದೆಲ್ಲ ಪ್ರೊಫೈಲ್ ಫೋಲ್ಡರ್‌ನ ಟ್ರೇನಿಂಗ್ ಡಾಟ್ ಡ್ಯಾಟ್ ಎಂಬ ಒಂದು ಫೈಲಿನಲ್ಲಿ ಕೂರುತ್ತದೆ. ಕಲಿಸುವುದಕ್ಕೆ ಕೀಬೋರ್ಡ್‌ನಲ್ಲಿ ‘ಜೆ’ ಒತ್ತಿದರೆ ಜಂಕ್, ಶಿಫ್ಟ್ ಹಿಡಿದು ‘ಜೆ’ ಒತ್ತಿದರೆ ಜಂಕ್ ಅಲ್ಲ. ಈ ಎರಡನೆಯದನ್ನು ಯಾರೂ ಒತ್ತುವುದಿಲ್ಲ! ಕೆಟ್ಟದ್ದನ್ನು ಮಾತ್ರ ತೋರಿಸಿ ಒಳ್ಳೆಯದು ಯಾವುದು ಅಂತ ಹೇಳದಿದ್ದರೆ ಅದು ಹೋಲಿಸುವುದು ಯಾವುದರ ಜೊತೆ? ಇನ್‌ಬಾಕ್ಸ್‌ನಲ್ಲಿರುವ ಒಳ್ಳೆಯ ಮೇಲ್‌ಗಳನ್ನು ಒಟ್ಟಿಗೆ ಆರಿಸಿ ‘ಜಂಕ್ ಅಲ್ಲ’ ಅಂತ ಒಂದು ಸಲ ಒತ್ತಿ ನೋಡಿ, ಅರ್ಧ ದೂರು ಅಲ್ಲೇ ಮುಗಿಯುತ್ತದೆ.

ಸ್ಪ್ಯಾಮರ್‌ಗಳು ಸುಮ್ಮನಿರಲಿಲ್ಲ. ಮೇಲ್‌ನ ಕೆಳಗೆ ಕಾದಂಬರಿಯ ಸಾಲುಗಳನ್ನೋ ನಿಘಂಟಿನ ಪದಗಳನ್ನೋ ಸುರಿದು ಲೆಕ್ಕ ಕೆಡಿಸಲು ನೋಡಿದರು. 2006ರ ಹೊತ್ತಿಗೆ ಮಾತನ್ನೆಲ್ಲ ಚಿತ್ರದೊಳಗೆ ಬರೆದು ಕಳಿಸಲು ಶುರು ಮಾಡಿದರು, ಎಣಿಸಲು ಪದವೇ ಇಲ್ಲ. ಅಷ್ಟರಲ್ಲಿ ಯುದ್ಧ ಮೆಲ್ಲಗೆ ಸರ್ವರ್ ಕಡೆ ಸರಿದಿತ್ತು. 2004ರಲ್ಲಿ ಬಂದ ಜಿಮೇಲ್‌ನಂಥವರಿಗೆ ಕೋಟ್ಯಂತರ ಜನರ ಮೇಲ್ ಒಟ್ಟಿಗೆ ಕಾಣುತ್ತದೆ, ನಿಮ್ಮ ಒಂದು ಕಂಪ್ಯೂಟರ್‌ಗೆ ಅದು ಕಾಣುವುದಿಲ್ಲ. ಕಳಿಸಿದವರು ಅಸಲಿಯೇ ಅಂತ ಪರೀಕ್ಷಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಲ್ಲವೂ ಸರ್ವರ್ ಮಟ್ಟದವು. 2004ರಲ್ಲಿ ಬಿಲ್ ಗೇಟ್ಸ್ ಎರಡು ವರ್ಷದಲ್ಲಿ ಸ್ಪ್ಯಾಮ್ ಸಮಸ್ಯೆ ಮುಗಿಯುತ್ತದೆ ಅಂತ ದಾವೋಸ್‌ನಲ್ಲಿ ಹೇಳಿದ್ದರು. ಮುಗಿಯಲಿಲ್ಲ ಅಂತ ಬಿಡಿಸಿ ಹೇಳಬೇಕಿಲ್ಲ. 2016ರ ನವೆಂಬರ್‌ನಲ್ಲಿ ಅವರದೇ ಕಂಪನಿ ಡೆಸ್ಕ್‌ಟಾಪ್ ಔಟ್‌ಲುಕ್‌ನ ಫಿಲ್ಟರ್‌ಗೆ ಹೊಸ ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿ ಕೆಲಸವನ್ನು ಸರ್ವರ್‌ಗೆ ಬಿಟ್ಟಿತು.

ಹಾಗಾದರೆ ಥಂಡರ್‌ಬರ್ಡ್‌ನ ಈ ಹಳೇ ಎಣಿಕೆ ಈಗ ಯಾಕೆ ಬೇಕು? ಕನ್ನಡದಲ್ಲಿ ಮೇಲ್ ಬರೆಯುವವರಿಗೆ ಒಂದು ಕಾರಣ ಇದೆ. ನುಡಿ, ಬರಹದ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ ಅಲ್ಲ, ಅಂದರೆ ಎಲ್ಲ ಕಂಪ್ಯೂಟರ್‌ಗೂ ಕನ್ನಡ ಅಂತ ಗೊತ್ತಾಗುವ ಸಂಕೇತ ಅಲ್ಲ. ನಮ್ಮ ಕಣ್ಣಿಗೆ ಕನ್ನಡ, ಫಿಲ್ಟರ್ ಕಣ್ಣಿಗೆ ಚುಕ್ಕೆ ಕೊಂಬು ಹೊತ್ತ ವಿಚಿತ್ರ ಲ್ಯಾಟಿನ್ ಅಕ್ಷರ. ಅಂಕ ಹಾಕುವ ನಿಯಮಗಳಿಗೆ ಇದು ಅನುಮಾನದ ಸರಕು, ಆದರೆ ಎಣಿಸುವ ಫಿಲ್ಟರ್‌ಗೆ ಭಾಷೆ ಗೊತ್ತಿರಬೇಕಾಗಿಲ್ಲ, ಒಳ್ಳೆಯ ಮೇಲ್‌ಗಳಲ್ಲಿ ಆ ವಿಚಿತ್ರ ಪದಗಳನ್ನೇ ಕಂಡರೆ ಅವನ್ನೂ ಒಳ್ಳೆಯ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ತೊಡಕೂ ಇದೆ. ಮನೆ, ಮನೆಗೆ, ಮನೆಯಲ್ಲಿ, ಮನೆಯಿಂದ ನಮಗೆ ಒಂದೇ ಪದದ ರೂಪಗಳು, ಅದಕ್ಕೆ ನಾಲ್ಕು ಬೇರೆ ಪದಗಳು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವವರದ್ದಂತೂ ಒಬ್ಬೊಬ್ಬರದು ಒಂದೊಂದು ಸ್ಪೆಲ್ಲಿಂಗ್. ಹಾಗಾಗಿ ಇಂಗ್ಲಿಷ್‌ಗಿಂತ ಜಾಸ್ತಿ ಮೇಲ್ ತೋರಿಸಿ ಕಲಿಸಬೇಕಾಗುತ್ತದೆ.

ಉಳಿದ ಟಿಕ್‌ಗಳು ಸುಲಭ. ಜಂಕ್ ಅನ್ನು ತಕ್ಷಣ ಅಳಿಸುವ ಬದಲು ಜಂಕ್ ಫೋಲ್ಡರ್‌ಗೆ ಸರಿಸಿ. ಹಳೆಯದನ್ನು ತಾನಾಗೇ ಅಳಿಸುವ ಜಾಗದಲ್ಲಿ 14 ದಿನ ಅಂತ ಇರುತ್ತದೆ, 30 ಮಾಡಿಕೊಳ್ಳಿ. ತಿಂಗಳುಗಟ್ಟಲೆ ತಪ್ಪು ಪಾಠ ಹೇಳಿಕೊಟ್ಟಿದ್ದರೆ ಪ್ರೈವಸಿ ಅಂಡ್ ಸೆಕ್ಯುರಿಟಿ ಒಳಗೆ ಟ್ರೇನಿಂಗ್ ಡೇಟಾ ರೀಸೆಟ್ ಮಾಡುವ ಬಟನ್ ಇದೆ.

ನಿಮ್ಮದು ಜಿಮೇಲ್ ಆಗಿದ್ದು, ಅಕೌಂಟ್ ಐಮ್ಯಾಪ್ (ಮೇಲ್ ಸರ್ವರ್‌ನಲ್ಲೇ ಇದ್ದು ಇಲ್ಲಿ ಕಾಣುವ ವಿಧಾನ) ಇದ್ದರೆ ಜಂಕ್ ಹೋಗಿ ಬೀಳುವ ಜಾಗ ಜಿಮೇಲ್‌ನದೇ ಸ್ಪ್ಯಾಮ್ ಫೋಲ್ಡರ್ ಆಗಿರಲಿ, ಆಗ ನೀವು ಗುರುತು ಮಾಡಿದ್ದು ಅವರ ಸರ್ವರ್‌ಗೂ ತಿಳಿಯುತ್ತದೆ. ಪಾಪ್‌ನಲ್ಲಿ, ಅಂದರೆ ಇನ್‌ಬಾಕ್ಸ್‌ನ ಮೇಲ್ ಮಾತ್ರ ಕಂಪ್ಯೂಟರ್‌ಗೆ ತರುವ ಹಳೇ ವಿಧಾನದಲ್ಲಿ ಮೇಲ್ ಇಳಿಸಿಕೊಳ್ಳುವವರಿಗೆ ಆ ಅನುಕೂಲ ಇಲ್ಲ. ಸರ್ವರ್ ಸ್ಪ್ಯಾಮ್ ಅಂತ ಎತ್ತಿಟ್ಟದ್ದು ಪಾಪ್‌ನಲ್ಲಿ ಇಳಿದು ಬರುವುದೇ ಇಲ್ಲ, ಥಂಡರ್‌ಬರ್ಡ್‌ನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಅಂಥವರು ಆಗಾಗ ಬ್ರೌಸರ್‌ನಲ್ಲಿ ಲಾಗಿನ್ ಆಗಿ ಸ್ಪ್ಯಾಮ್ ಫೋಲ್ಡರ್ ನೋಡಲೇಬೇಕು, ಜಿಮೇಲ್ ಅಲ್ಲಿರುವುದನ್ನು 30 ದಿನಕ್ಕೆ ಅಳಿಸಿಬಿಡುತ್ತದೆ.